ಇಳಿಯದ ತುತ್ತು

ದುಃಖ ಬಂದ ಮನೆಯಲ್ಲಿ ‘ತುತ್ತು ಗಂಟಲಲ್ಲಿ ಇಳಿಯಲಿಲ್ಲ’ ಎನ್ನುವುದು ನಮ್ಮ ರೂಢಿ. ಮಗಳನ್ನು ಗಂಡನ ಮನೆಗೆ ಕಳಿಸಿ ಬಂದ ತಾಯಿಗೆ, ಹಿಂಗಾರಿ ಕೈಕೊಟ್ಟ ಒಕ್ಕಲಿಗನಿಗೆ, ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೆ ಅನ್ನ ಇಳಿಯುವುದಿಲ್ಲ. ಈ ನುಡಿಗಟ್ಟಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ನಮ್ಮ ಮಾತಿನಲ್ಲಿ ಎಷ್ಟು ಆಳಕ್ಕೆ ಬೇರುಬಿಟ್ಟಿದೆಯೆಂದರೆ, ನಿಜವಾಗಿಯೂ ತುತ್ತು ಇಳಿಯದವನೊಬ್ಬ ನಮ್ಮೆದುರು ಬಂದು ಕುಳಿತಾಗ, ನಾವು ಅವನ ಅನ್ನನಾಳವನ್ನು ಬಿಟ್ಟು ಮನಸ್ಸನ್ನು ಶೋಧಿಸಲು ತೊಡಗುತ್ತೇವೆ.

ಕೇಳುಗರಲ್ಲಿ ಬಹಳ ಮಂದಿ ಹೆಸರನ್ನೂ ಕೇಳಿರದ ಒಂದು ವ್ಯಾಧಿಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇಯೊಸಿನೊಫಿಲಿಕ್ ಇಸೊಫೆಜೈಟಿಸ್ ಎಂಬುದು ಅದರ ಹೆಸರು. ಅನ್ನನಾಳದ ಒಳಪದರಿನಲ್ಲಿ ವರ್ಷಗಟ್ಟಲೆ ಹೊಗೆಯಾಡುವ ಒಂದು ಬಗೆಯ ಉರಿಯೂತ ಅದು. ಹೆಸರು ಉದ್ದವಾದದ್ದು, ಚಿಕಿತ್ಸೆ ಅದಕ್ಕಿಂತ ಉದ್ದವಾದದ್ದು. ನಾನು ಹೊಟ್ಟೆಯ ವಿಶೇಷ ತಜ್ಞನಲ್ಲ. ಗದಗ ತಾಲ್ಲೂಕಿನ ಹಿರೇಹಂದಿಗೋಳದಲ್ಲಿ ಹುಟ್ಟಿ, ಬೆಟಗೇರಿಯಲ್ಲಿ ನಾಲ್ಕು ದಶಕ ಸಾಮಾನ್ಯ ವೈದ್ಯನಾಗಿ ಕೆಮ್ಮು, ನೆಗಡಿ, ಜ್ವರ ನೋಡಿಕೊಂಡವನು. ಈ ವ್ಯಾಧಿಯ ಪರಿಚಯ ನನಗೆ ಪುಸ್ತಕದಿಂದ ಆಗಲಿಲ್ಲ. ನನ್ನ ತಂಗಿಯ ಮಗನಿಂದ ಆಯಿತು. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ‘ಹೆಸರೊಂದು ಬ್ಯಾಡ ಮಾಮಾ, ಉಳಿದದ್ದೆಲ್ಲಾ ಹೇಳು’ ಎಂದಿದ್ದಾನೆ.

ತಂಗಿಯನ್ನು ಊರಲ್ಲಿಯೇ ಕೊಟ್ಟಿದ್ದಾರೆ. ಎರೆಹೊಲ, ಎರಡು ಎಮ್ಮೆ, ಜೋಳ ಕಡಲೆಯ ಒಕ್ಕಲುತನ. ಮಗ ಹತ್ತೊಂಬತ್ತು ವರ್ಷದವನಿದ್ದಾಗ, ಅಂದರೆ 2004ರ ಸುಮಾರಿಗೆ, ಅವಳು ಅವನನ್ನು ನನ್ನ ದವಾಖಾನೆಗೆ ಕರೆತಂದಳು. ‘ಅಣ್ಣಾ, ಇವಂಗ ಏನೋ ಚಿಂತಿ ಹತ್ತೇತಿ. ಉಣ್ಣಾಕ ಕುಂತರ ತಾಸ ಹಿಡೀತಾನ’ ಎಂದಳು. ಹುಡುಗ ತಲೆ ತಗ್ಗಿಸಿ, ‘ಎದ್ಯಾಗ ಹಿಡದಂಗ ಆಕ್ಕೇತಿ ಮಾಮಾ’ ಎಂದಷ್ಟೇ ಹೇಳಿದ. ಹೊಟ್ಟೆ ಮುಟ್ಟಿ ನೋಡಿದೆ. ಖಾರ ಕಡಿಮೆ ಮಾಡು ಎಂದೆ. ಹದಿನೈದು ದಿವಸಕ್ಕೆ ಪಿತ್ತದ ಗುಳಿಗೆ ಬರೆದುಕೊಟ್ಟೆ. ಸ್ವಲ್ಪ ಹಗುರವಾಯಿತೆಂದ. ಮೂರು ತಿಂಗಳ ಮೇಲೆ ಮತ್ತೆ ಬಂದ. ಮತ್ತೆ ಹದಿನೈದು ದಿವಸ ಬರೆದೆ. ಹೀಗೆ ಎಂಟು ವರ್ಷ. ಬೇರೆ ಯಾವ ವೈದ್ಯನ ಮೇಲೂ ನಾನು ತಪ್ಪು ಹೊರಿಸಬೇಕಾಗಿಲ್ಲ. ಆ ಚೀಟಿಗಳ ಮೇಲಿನ ರುಜು ನನ್ನದೇ.

ನೋಡುವ ಕಣ್ಣಿದ್ದರೆ ಅವನ ಊಟದಲ್ಲಿಯೇ ವ್ಯಾಧಿಯ ಇತಿಹಾಸವೆಲ್ಲ ಬರೆದಿತ್ತು. ಪಂಕ್ತಿಯಲ್ಲಿ ಎಲ್ಲರಿಗಿಂತ ಕೊನೆಗೆ ಏಳುವವನು ಅವನು. ಮಗ್ಗುಲಲ್ಲಿ ತುಂಬಿದ ತಂಬಿಗೆ ಇಲ್ಲದೆ ಕೂಡುತ್ತಿರಲಿಲ್ಲ. ತುತ್ತಿಗೊಂದು ಗುಟುಕು ನೀರು. ಖಡಕ್ ರೊಟ್ಟಿಯನ್ನು ಮುಟ್ಟುತ್ತಿರಲಿಲ್ಲ. ಬಿಸಿರೊಟ್ಟಿಯನ್ನು ಉಗುರಿನಷ್ಟು ಸಣ್ಣಗೆ ಮುರಿದು, ಬಹಳ ಹೊತ್ತು ಅಗಿಯುತ್ತಿದ್ದ. ದೊಡ್ಡ ಗುಳಿಗೆ ಕೊಟ್ಟರೆ ಪುಡಿಮಾಡಿ ನುಂಗುತ್ತಿದ್ದ. ಬೀಗರೂಟಕ್ಕೆ ಹೋಗಲು ಏನಾದರೊಂದು ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಈ ವ್ಯಾಧಿಯುಳ್ಳವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಇದೇ ಉಪಾಯಗಳನ್ನು ತಮಗೆ ತಾವೇ ಕಲಿತಿರುತ್ತಾರೆಂದು ಆಮೇಲೆ ಓದಿ ತಿಳಿದೆ. ಎಷ್ಟು ಚೆನ್ನಾಗಿ ಕಲಿತಿರುತ್ತಾರೆಂದರೆ, ‘ನುಂಗಲು ತೊಂದರೆಯಿದೆಯೇ?’ ಎಂದು ಕೇಳಿದರೆ ‘ಇಲ್ಲ’ ಎಂದುಬಿಡುತ್ತಾರೆ. ಕೇಳಬೇಕಾದ ಪ್ರಶ್ನೆ ಅದಲ್ಲ. ‘ಊಟಕ್ಕೆ ಎಷ್ಟು ಹೊತ್ತು ಬೇಕು? ಏನನ್ನು ಬಿಟ್ಟಿದ್ದೀ? ಎಷ್ಟು ನೀರು ಕುಡಿಯುತ್ತೀ?’ ಎಂದು ಕೇಳಬೇಕು. ನಾನು ಕೇಳಲಿಲ್ಲ.

ಇನ್ನೊಂದು ಸಂಗತಿಯಿದೆ, ನೆನೆಸಿಕೊಂಡರೆ ಇಂದಿಗೂ ಮನಸ್ಸು ಕಸಿವಿಸಿಯಾಗುತ್ತದೆ. ಮಗನಿಗೆ ನುಂಗಲು ಸಲೀಸಾಗಲೆಂದು ತಂಗಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ನೆನೆಹಾಕಿ ಕೊಡುತ್ತಿದ್ದಳು. ಎರಡು ಹೊತ್ತೂ ಹಾಲುರೊಟ್ಟಿ. ತಾಯಿಯ ಅಂತಃಕರಣ ಹುಡುಕಿದ ದಾರಿ ಅದು. ಆ ಮಾತಿಗೆ ಮುಂದೆ ಬರುತ್ತೇನೆ.

2012ರ ಸೀಗೀ ಹುಣ್ಣಿಮೆ. ಹೊಲದಲ್ಲಿ ಚರಗ ಚೆಲ್ಲಿ, ಬನ್ನಿಗಿಡದ ನೆರಳಿಗೆ ಎಲ್ಲರೂ ಊಟಕ್ಕೆ ಕುಳಿತಿದ್ದರು. ಸಜ್ಜಿರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಸರೀಕರ ಮುಂದೆ ಹಾಲಲ್ಲಿ ನೆನೆಸಿಕೊಂಡು ಉಣ್ಣಲು ನಾಚಿಕೆಯಾಗಿ, ಹುಡುಗ ಎಲ್ಲರಂತೆ ಸಜ್ಜಿರೊಟ್ಟಿ ಮುರಿದ. ಮೂರನೆಯ ತುತ್ತು ಎದೆಯ ನಡುವೆ ನಿಂತಿತು. ನೀರು ಕುಡಿದ, ನೀರು ಹಾಗೆಯೇ ಹಿಂದಕ್ಕೆ ಬಂತು. ಬೆನ್ನಿಗೆ ಗುದ್ದಿದರು, ಬಾಳೆಹಣ್ಣು ತಿನ್ನಿಸಿದರು, ದೃಷ್ಟಿ ತೆಗೆದರು. ಉಸಿರಿಗೆ ಅಡ್ಡಿಯಿರಲಿಲ್ಲ, ಮಾತು ಬರುತ್ತಿತ್ತು. ಆದರೆ ತನ್ನ ಉಗುಳನ್ನು ತಾನೇ ನುಂಗಲಾರದೆ ಉಗುಳುತ್ತ ಕುಳಿತಿದ್ದ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮೂರು ತಾಸು ಕಳೆದಿತ್ತು. ಹುಬ್ಬಳ್ಳಿಗೆ ಕರೆದೊಯ್ದೆವು.

ಇಲ್ಲಿ ಒಂದು ಮಾತನ್ನು ನಡುವೆ ಹೇಳಿಬಿಡುತ್ತೇನೆ. ಹೀಗೆ ತುತ್ತು ಸಿಕ್ಕಿಕೊಂಡು ಉಗುಳು ಸಹ ಇಳಿಯದಾದಾಗ ಮೇಲಿನಿಂದ ಬಾಳೆಹಣ್ಣು, ಅನ್ನದ ಮುದ್ದೆ ತುರುಕಬಾರದು. ಸಿಕ್ಕಿದ್ದರ ಮೇಲೆ ಇನ್ನಷ್ಟು ಸಿಕ್ಕುತ್ತದೆ, ಶ್ವಾಸನಾಳಕ್ಕೆ ಹೋಗುವ ಭಯವೂ ಉಂಟು. ಬೆಳಗಾಗಲಿ ನೋಡೋಣ ಎನ್ನದೆ ಅಂದೇ ಎಂಡೊಸ್ಕೋಪಿ ಇರುವ ಆಸ್ಪತ್ರೆಗೆ ಹೋಗಬೇಕು.

ಅಂದು ರಾತ್ರಿ ದುರ್ಬೀನಿನ ನಳಿಕೆ ಇಳಿಸಿ ರೊಟ್ಟಿಯ ಚೂರನ್ನು ತೆಗೆದ ತರುಣ ವೈದ್ಯರು ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಅನ್ನನಾಳದ ಮೇಲುಭಾಗ ಕೆಳಭಾಗಗಳಿಂದ ಅಕ್ಕಿಕಾಳಿಗಿಂತ ಚಿಕ್ಕದಾದ ಆರು ಚೂರುಗಳನ್ನು ಚಿವುಟಿ ಪರೀಕ್ಷೆಗೆ ಕಳಿಸಿದರು. ಈ ವ್ಯಾಧಿಯನ್ನು ಕಣ್ಣಳತೆಯಲ್ಲಿ ನಿರ್ಧರಿಸಲಾಗದು, ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಅನೇಕ ಕಡೆ ಸಿಕ್ಕಿದ್ದನ್ನು ತೆಗೆದು ಮನೆಗೆ ಕಳಿಸಿಬಿಡುವುದರಿಂದ ರೋಗಿ ಮತ್ತೆ ಐದಾರು ವರ್ಷ ಕತ್ತಲಲ್ಲಿ ಅಲೆಯುತ್ತಾನೆ. ಪರದೆಯ ಮೇಲೆ ನನಗೂ ತೋರಿಸಿದರು. ನುಣುಪಾದ ಗುಲಾಬಿ ಕೊಳವೆಯಾಗಿರಬೇಕಾದ ಅನ್ನನಾಳದಲ್ಲಿ ಒಂದರ ಮೇಲೊಂದು ಬಳೆ ಇಟ್ಟಂತೆ ಉಂಗುರಗಳು, ಅವುಗಳ ಉದ್ದಕ್ಕೆ ರಂಟೆ ಹೊಡೆದಂತೆ ಸಾಲುಗಳು, ಅಲ್ಲಲ್ಲಿ ಬಿಳಿಯ ಚುಕ್ಕೆಗಳು.

ವಾರದ ಮೇಲೆ ವರದಿ ಬಂತು: ಸೂಕ್ಷ್ಮದರ್ಶಕದ ಒಂದು ಹೆಚ್ಚಿನ ಅಳತೆಯ ನೋಟಕ್ಷೇತ್ರದಲ್ಲಿ 15ಕ್ಕಿಂತ ಬಹಳ ಹೆಚ್ಚು ಇಯೊಸಿನೊಫಿಲ್ ಕಣಗಳು. ಆರೋಗ್ಯವಂತನ ಅನ್ನನಾಳದಲ್ಲಿ ಅವು ಇರುವುದೇ ಇಲ್ಲವೆನ್ನಬೇಕು. 15 ದಾಟಿದರೆ ವ್ಯಾಧಿಯ ಗುರುತು.

ಇಯೊಸಿನೊಫಿಲ್ ರಕ್ತದ ಬಿಳಿಯ ಕಣಗಳ ಒಂದು ಜಾತಿ. ಇಯೊಸಿನ್ ಎಂಬ ನಸುಗೆಂಪು ಬಣ್ಣವನ್ನು ಪ್ರೀತಿಯಿಂದ ಹೀರಿಕೊಳ್ಳುತ್ತದೆಂದು ಜರ್ಮನಿಯ ಪಾಲ್ ಎರ್ಲಿಖ್ 1879ರಲ್ಲಿ ಅದಕ್ಕೆ ಆ ಹೆಸರಿಟ್ಟ. ಇಯೊಸ್ ಎಂದರೆ ಗ್ರೀಕರ ಅರುಣೋದಯದ ದೇವತೆ, ನಮ್ಮ ಉಷಾದೇವಿಯೆನ್ನೋಣ. ಇಷ್ಟು ಕೋಮಲವಾದ ಹೆಸರು ಹೊತ್ತ ಕಣ ಮಾಡುವ ಕೆಲಸ ಮಾತ್ರ ಕೋಮಲವಾದದ್ದಲ್ಲ. ಹೊಟ್ಟೆಯ ಹುಳುಗಳಂಥ ದೊಡ್ಡ ಶತ್ರುಗಳ ಮೇಲೆ ವಿಷಪ್ರಾಯವಾದ ದ್ರವ್ಯಗಳನ್ನು ಕಾರುವುದು ಅದರ ಉದ್ಯೋಗ. ನಮ್ಮ ಸೀಮೆಯಲ್ಲಿ ‘ಈಸ್ನೋಫಿಲಿಯಾ ಆಗೇತಿ’ ಎನ್ನುವ ಮಾತು ಹಳ್ಳಿಯವರಿಗೂ ಪರಿಚಿತ. ಅದು ಹುಳುಗಳಿಂದಲೋ, ಆನೆಕಾಲು ರೋಗದ ಕ್ರಿಮಿಯಿಂದಲೋ, ಅಸ್ತಮಾದಿಂದಲೋ ರಕ್ತದಲ್ಲಿ ಈ ಕಣಗಳು ಹೆಚ್ಚಾದಾಗ ಹೇಳುವ ಮಾತು. ಇಲ್ಲಿ ಹುಳುವಿಲ್ಲ. ನಿತ್ಯ ಉಣ್ಣುವ ಆಹಾರದಲ್ಲಿಯ ಯಾವುದೋ ಒಂದು ಸಸಾರಜನಕವನ್ನೇ ದೇಹ ಶತ್ರುವೆಂದು ತಪ್ಪಾಗಿ ಬಗೆದು, ಈ ಸೈನಿಕರನ್ನು ಅನ್ನನಾಳದ ಗೋಡೆಗೆ ಅಟ್ಟುತ್ತದೆ. ಶತ್ರು ಇಲ್ಲದ ಕಡೆ ಹೂಡಿದ ದಂಡು ಊರನ್ನೇ ಹಾಳುಮಾಡುವಂತೆ ಆ ಕಣಗಳು ಗೋಡೆಯನ್ನು ಕೆಡಿಸುತ್ತವೆ.

ಬದನೆಕಾಯಿ ತಿಂದರೆ ಮೈ ತುರಿಸುವ ಅಲರ್ಜಿ ನಮಗೆ ಗೊತ್ತು. ತಾಸಿನೊಳಗೆ ದದ್ದು ಏಳುತ್ತದೆ, ಕಾರಣ ಕಣ್ಣಿಗೆ ಕಾಣುತ್ತದೆ. ಇದು ಹಾಗಲ್ಲ. ತಿಂದ ದಿನ ಏನೂ ಆಗದು. ವಾರಗಳು, ತಿಂಗಳುಗಳು ಕಳೆದಂತೆ ಉರಿಯೂತ ಬಲಿಯುತ್ತದೆ. ಚರ್ಮಕ್ಕೆ ಚುಚ್ಚಿ ಮಾಡುವ ಅಲರ್ಜಿ ಪರೀಕ್ಷೆಗಳು ಇಲ್ಲಿ ನಂಬತಕ್ಕ ಉತ್ತರ ಕೊಡುವುದಿಲ್ಲ. ವರ್ಷಗಳ ಮೇಲೆ ಉರಿಯೂತದ ಜಾಗದಲ್ಲಿ ನಾರು ಬೆಳೆದು ಕೊಳವೆ ಪೆಡಸಾಗುತ್ತದೆ, ಕಿರಿದಾಗುತ್ತದೆ. ಅನ್ನನಾಳದ ಅಗಲ 13 ಮಿಲಿಮೀಟರಿಗಿಂತ ಕಡಿಮೆಯಾದರೆ ಗಟ್ಟಿ ಆಹಾರ ತಡೆದು ನಿಲ್ಲುವುದು ಹೆಚ್ಚುಕಡಿಮೆ ಖಂಡಿತ. ಸ್ವಿಟ್ಜರ್‌ಲೆಂಡಿನ ವೈದ್ಯರು 2013ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ರೋಗ ಹತ್ತಿದ ಎರಡು ವರ್ಷದೊಳಗೆ ಪತ್ತೆಯಾದವರಲ್ಲಿ ನೂರಕ್ಕೆ 17 ಜನರಿಗೆ ಅನ್ನನಾಳ ಕಿರಿದಾಗಿತ್ತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ತಡವಾದವರಲ್ಲಿ ನೂರಕ್ಕೆ 71 ಜನರಿಗೆ. ಆ ಅಂಕಿಗಳನ್ನು ಓದಿದ ರಾತ್ರಿ ನನ್ನ ಎಂಟು ವರ್ಷದ ಚೀಟಿಗಳು ಕಣ್ಣಮುಂದೆ ಬಂದವು.

ಸಮಾಧಾನಕ್ಕೆ ಒಂದು ಮಾತಿದೆ. ಈ ವ್ಯಾಧಿಯೇ ವೈದ್ಯಲೋಕಕ್ಕೆ ಹೊಸತು. 1978ರಲ್ಲಿ ಅಮೆರಿಕದಿಂದ ಒಬ್ಬ ರೋಗಿಯ ವರದಿ ಬಂದಿತ್ತಾದರೂ, ಇದು ಪ್ರತ್ಯೇಕವಾದ ಒಂದು ವ್ಯಾಧಿಯೆಂದು ತೋರಿಸಿದ್ದು ಸ್ಟೀಫನ್ ಅಟ್‌ವುಡ್ ಮತ್ತು ಸಂಗಡಿಗರು, 1993ರಲ್ಲಿ, 12 ಜನ ರೋಗಿಗಳನ್ನು ಪರೀಕ್ಷಿಸಿ. ಮರುವರ್ಷ ಸ್ವಿಟ್ಜರ್‌ಲೆಂಡಿನ ಅಲೆಕ್ಸ್ ಸ್ಟ್ರೌಮನ್ ತಮ್ಮ 10 ರೋಗಿಗಳನ್ನು ಕುರಿತು ಸ್ವತಂತ್ರವಾಗಿ ಬರೆದರು. ನಾನು ಕಾಲೇಜಿನಲ್ಲಿ ಓದಿದ ಪುಸ್ತಕಗಳಲ್ಲಿ ಇದರ ಹೆಸರೇ ಇರಲಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಇದು ಈಗ ಅಪರೂಪವಲ್ಲ. ಹೆಂಗಸರಿಗಿಂತ ಗಂಡಸರಲ್ಲಿ ಮೂರು ಪಟ್ಟು ಹೆಚ್ಚು. ನಮ್ಮಲ್ಲಿ ಕಡಿಮೆಯೆಂದೇ ಎಣಿಕೆ. ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ಎದೆಯುರಿಯೆಂದು ಬಂದ ರೋಗಿಗಳ ಅನ್ನನಾಳದ ಚೂರು ತೆಗೆದು ನೋಡಿದಾಗ ನೂರಕ್ಕೆ ಸುಮಾರು ಮೂವರಲ್ಲಿ ಇದು ಕಂಡಿತೆಂದು 2017ರಲ್ಲಿ ಪ್ರಕಟಿಸಿದರು. ನೂರಕ್ಕೆ ಮೂರು ಸಣ್ಣ ಪ್ರಮಾಣವೇ. ಆದರೆ ಎದೆಯುರಿಯೆಂದು ದವಾಖಾನೆಗೆ ಬರುವವರ ಸಂಖ್ಯೆ ಸಣ್ಣದಲ್ಲ.

ಇನ್ನು ಚಿಕಿತ್ಸೆಯ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು; ಏಕೆಂದರೆ ಆಸ್ಪತ್ರೆಯ ಪುಸ್ತಕದಲ್ಲಿರುವ ಚಿಕಿತ್ಸೆ ಒಂದು, ಹಿರೇಹಂದಿಗೋಳದ ಪಡಸಾಲೆಯಲ್ಲಿ ಹನ್ನೆರಡು ಹದಿಮೂರು ವರ್ಷ ನಡೆದುಕೊಂಡು ಬಂದ ಚಿಕಿತ್ಸೆ ಇನ್ನೊಂದು.

ಮೊದಲು ಅದೇ ಪಿತ್ತದ ಗುಳಿಗೆ. ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದ, ಜಠರಾಮ್ಲವನ್ನು ತಗ್ಗಿಸುವ ಔಷಧ. ಹಾಗಾದರೆ ನಾನು ಕೊಟ್ಟದ್ದು ಸರಿಯೇ ಇತ್ತಲ್ಲ ಎಂದು ನೀವು ಕೇಳಬಹುದು. ಅರ್ಧ ಸರಿ. ಈ ಗುಳಿಗೆ ಆಮ್ಲವನ್ನು ತಗ್ಗಿಸುವುದಷ್ಟೇ ಅಲ್ಲದೆ, ಇಯೊಸಿನೊಫಿಲ್‌ಗಳನ್ನು ಕರೆಯುವ ಸಂದೇಶದ್ರವ್ಯವನ್ನೂ ತಗ್ಗಿಸುತ್ತದೆಂದು ಈಗ ತಿಳಿದಿದೆ. ಹತ್ತಿರ ಹತ್ತಿರ ಅರ್ಧದಷ್ಟು ರೋಗಿಗಳಿಗೆ ಇದೊಂದರಿಂದಲೇ ಗುಣ ಕಾಣುತ್ತದೆ. ಆದರೆ ದಿನಕ್ಕೆರಡು ಸಲ, ಪೂರ್ತಿ ಪ್ರಮಾಣದಲ್ಲಿ, ಎರಡು ತಿಂಗಳು ಕೊಟ್ಟು, ಮತ್ತೊಮ್ಮೆ ಚೂರು ತೆಗೆದು ನೋಡಬೇಕು. ಹದಿನೈದು ದಿನ ಕೊಟ್ಟು, ಮೂರು ತಿಂಗಳು ಬಿಟ್ಟು, ಮತ್ತೆ ಹದಿನೈದು ದಿನ ಕೊಡುವುದು ಚಿಕಿತ್ಸೆಯಲ್ಲ. ರೋಗಕ್ಕೆ ಹಾಸಿಗೆ ಹಾಸಿಕೊಟ್ಟಂತೆ. ಇಷ್ಟು ಕೇಳಿ, ನಿಮ್ಮಷ್ಟಕ್ಕೆ ನೀವು ಅಂಗಡಿಯಿಂದ ಈ ಗುಳಿಗೆ ತಂದು ವರ್ಷಗಟ್ಟಲೆ ನುಂಗುವವರಿದ್ದರೆ, ನಾನು ಮಾಡಿದ ತಪ್ಪನ್ನೇ ನೀವೂ ಮಾಡುತ್ತಿದ್ದೀರಿ.

ನನ್ನ ಅಳಿಯ ಉಳಿದ ಅರ್ಧದ ಪಾಲಿಗೆ ಬಿದ್ದ. ಎರಡು ತಿಂಗಳ ಮೇಲೆ ನೋಡಿದಾಗ ಕಣಗಳ ಸಂಖ್ಯೆ ಇಳಿದಿರಲಿಲ್ಲ. 2013ರಲ್ಲಿ ಎರಡನೆಯ ಔಷಧ ಬಂತು: ಅಸ್ತಮಾದವರು ಸೇದುವ ಫ್ಲುಟಿಕಸೋನ್ ಪಂಪು. ಅಸ್ತಮಾದವರು ಅದನ್ನು ಉಸಿರಿನೊಂದಿಗೆ ಒಳಗೆ ಎಳೆದುಕೊಳ್ಳುತ್ತಾರೆ. ಇವನು ಉಸಿರು ಹಿಡಿದು, ಬಾಯಿಗೆ ಸಿಂಪಡಿಸಿಕೊಂಡು, ಅದನ್ನು ನುಂಗಬೇಕು. ಮೇಲೆ ಅರ್ಧ ತಾಸು ನೀರು ಸಹ ಕುಡಿಯಕೂಡದು. ಸ್ಟಿರಾಯ್ಡ್ ಎಂದು ಹೆದರಿದೆವು. ಆದರೆ ಅದು ಅನ್ನನಾಳದ ಗೋಡೆಗೆ ಲೇಪವಾಗಿ ಅಲ್ಲಿಯೇ ಕೆಲಸ ಮಾಡುವುದರಿಂದ, ಮೈತುಂಬ ಹರಡುವ ಗುಳಿಗೆಯಷ್ಟು ಹಾನಿಯಿಲ್ಲ. ಬಾಯಲ್ಲಿ, ಗಂಟಲಲ್ಲಿ ಬಿಳಿಯ ಬೂಷ್ಟು ಹಿಡಿಯಬಹುದು. ಇವನಿಗೆ ಒಮ್ಮೆ ಹಿಡಿದಿತ್ತು, ಔಷಧಕ್ಕೆ ಹೋಯಿತು.

ಆರು ವಾರದಲ್ಲಿ ಹುಡುಗನ ಊಟ ಬದಲಾಯಿತು. ತಂಬಿಗೆ ದೂರ ಸರಿಯಿತು. ಎಲ್ಲರೂ ಗುಣವಾಯಿತೆಂದರು. ಅಲ್ಲಿಂದಲೇ ನಿಜವಾದ ತೊಡಕು ಶುರುವಾಯಿತು.

ಪಂಪು ಸೇದುವುದನ್ನು ಓಣಿಯವರು ಕಂಡರು. ‘ಹುಡುಗನಿಗೆ ದಮ್ಮೈತಿ’ ಎಂಬ ಮಾತು ಹುಟ್ಟಿತು. ಆಗ ಮನೆಯಲ್ಲಿ ಕನ್ಯೆ ನೋಡುತ್ತಿದ್ದರು. ಒಂದು ಕಡೆಯವರು ಬರುತ್ತೇವೆಂದು ಹೇಳಿ ಬರಲಿಲ್ಲ. ಅವನು ಹಿತ್ತಲಲ್ಲಿ, ಕಣಕಿಯ ಬಣವೆಯ ಮರೆಯಲ್ಲಿ ನಿಂತು ಸೇದತೊಡಗಿದ, ಆಮೇಲೆ ದಿನಕ್ಕೊಮ್ಮೆ, 2014ರ ಮಳೆಗಾಲಕ್ಕೆ ಪೂರ್ತಿ ಬಿಟ್ಟ. ನಾನು ಕೇಳಿದರೆ, ‘ಆರಾಮ ಅದೀನಲ್ಲ ಮಾಮಾ, ಮತ್ಯಾಕ?’ ಎಂದ. ನನ್ನ ಬಳಿಯೂ ಅಂದು ಗಟ್ಟಿಯಾದ ಉತ್ತರ ಇರಲಿಲ್ಲ. ಗುಣವಾದ ಮೇಲೂ ಔಷಧ ಏಕೆ ಎಂಬ ಅವನ ಪ್ರಶ್ನೆ ಸಕ್ಕರೆ ಕಾಯಿಲೆಯವನದೂ ಹೌದು, ರಕ್ತದೊತ್ತಡದವನದೂ ಹೌದು.

ಈಗ ಉತ್ತರವಿದೆ. ಬಾಯಲ್ಲಿ ಕರಗುವ ಬುಡೆಸೊನೈಡ್ ಗುಳಿಗೆಯನ್ನು ಯುರೋಪಿನಲ್ಲಿ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಮ್ಮೆ ಗುಣಕಂಡ ರೋಗಿಗಳಲ್ಲಿ ಕೆಲವರಿಗೆ ಔಷಧ ಮುಂದುವರಿಸಿದರು, ಕೆಲವರಿಗೆ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟರು. 48 ವಾರಗಳ ಮೇಲೆ ನೋಡಿದಾಗ ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು 75 ಮಂದಿ ಗುಣವಾಗಿಯೇ ಉಳಿದಿದ್ದರು. ಹುಸಿ ಗುಳಿಗೆಯವರಲ್ಲಿ ಉಳಿದವರು ನೂರಕ್ಕೆ ಐದೂ ಇಲ್ಲ. ಔಷಧ ಬಿಟ್ಟರೆ ರೋಗ ಮರಳುವುದು ಬಹುತೇಕ ನಿಶ್ಚಯ. ಅದೂ ಕೆಲವೇ ತಿಂಗಳಲ್ಲಿ. ಇನ್ನೊಂದು ಮೋಸವೂ ಇದೆ. ರೋಗಿಗೆ ಹಿತವೆನಿಸುವುದಕ್ಕೂ ಅನ್ನನಾಳದ ಗೋಡೆಯ ಸ್ಥಿತಿಗೂ ತಾಳೆಯಾಗುವುದಿಲ್ಲ. ನುಂಗುವುದು ಸಲೀಸಾಗಿರುವಾಗಲೇ ಒಳಗೆ ಉರಿಯೂತ ನಡೆದಿರಬಹುದು. ಆದ್ದರಿಂದ ಔಷಧ ಬದಲಿಸಿದಾಗಲೆಲ್ಲ ಮತ್ತೆ ನಳಿಕೆ ಇಳಿಸಿ ನೋಡಬೇಕಾಗುತ್ತದೆ. ಒಂದು ದಿನದ ಕೂಲಿ, ಹುಬ್ಬಳ್ಳಿಯ ಬಸ್ಸು, ಆಸ್ಪತ್ರೆಯ ಖರ್ಚು, ನಳಿಕೆ ನುಂಗುವ ಹಿಂಸೆ. ಆರಾಮ ಇರುವವನಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ.

2015ರಲ್ಲಿ ಮದುವೆಯಾಯಿತು. ಮರುವರ್ಷ ಮಾವನ ಮನೆಯಲ್ಲಿ, ಹೊಸ ಅಳಿಯನ ಉಪಚಾರದ ನಡುವೆ, ಚಪಾತಿ ಸಿಕ್ಕಿಕೊಂಡಿತು. ಈ ಸಲ ನಳಿಕೆ ಸಹ ಸುಲಭವಾಗಿ ಇಳಿಯಲಿಲ್ಲ. ಕೊಳವೆ ಅಷ್ಟು ಕಿರಿದಾಗಿತ್ತು. ಅದನ್ನು ಒಳಗಿನಿಂದ ನಿಧಾನವಾಗಿ ಹಿಗ್ಗಿಸಬೇಕಾಯಿತು. ಕೆಲವು ವಾರಗಳ ಅಂತರದಲ್ಲಿ ಎರಡು ಸಲ ಮಾಡಿದರು. ಹಿಗ್ಗಿಸಿದ ಮೇಲೆ ಎರಡು ದಿನ ಎದೆ ನೋವು. ಆಮೇಲೆ ಅನ್ನ ಸರಾಗವಾಗಿ ಇಳಿಯಿತು. ಆದರೆ ಹಿಗ್ಗಿಸುವುದರಿಂದ ದಾರಿ ಅಗಲವಾಗುತ್ತದೆಯೇ ವಿನಾ ಉರಿಯೂತ ಆರುವುದಿಲ್ಲ. ಆಸ್ಪತ್ರೆಯ ಹೊರಗೆ ಬೇವಿನ ಕಟ್ಟೆಯ ಮೇಲೆ ಕುಳಿತಾಗ ಅವನ ಹೆಂಡತಿ, ‘ಮೊದಲ ಹೇಳಿದ್ದರ ನಾ ಏನ್ ಒಲ್ಲೆ ಅಂತಿದ್ನೇನ್ರೀ?’ ಎಂದು ಗಂಡನನ್ನು ಕೇಳಿದಳು. ಅಂದಿನಿಂದ ಅವನ ಔಷಧದ ಲೆಕ್ಕ ಅವಳ ಕೈಯಲ್ಲಿದೆ. ದೀರ್ಘಕಾಲದ ಚಿಕಿತ್ಸೆಯಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆ ನಾನು ಕಂಡಿಲ್ಲ.

ಪಂಪಿನ ಬದಲು ಈ ಸಲ ಬುಡೆಸೊನೈಡ್ ದ್ರವ ಬಂತು. ಇದೂ ಅಸ್ತಮಾದ ಔಷಧವೇ. ಹಬೆಯ ಯಂತ್ರಕ್ಕೆ ಹಾಕುವ ಚಿಕ್ಕ ಕೊಳವೆಗಳಲ್ಲಿ ಸಿಗುತ್ತದೆ. ಅದನ್ನು ಜೇನುತುಪ್ಪದಂಥ ಅಂಟುಪದಾರ್ಥದಲ್ಲಿ ಕಲೆಸಿ ಮಲಗುವ ಮುನ್ನ ನಿಧಾನವಾಗಿ ನುಂಗಬೇಕು. ಅಂಟು ಇರುವುದರಿಂದ ಅನ್ನನಾಳಕ್ಕೆ ಹತ್ತಿಕೊಂಡು ನಿಲ್ಲುತ್ತದೆ. ಜೇನಿನಲ್ಲಿ ಔಷಧ ತೇದು ನೆಕ್ಕಿಸುವುದು ನಮ್ಮ ಹಳ್ಳಿಯ ಮುದುಕಿಯರಿಗೆ ಹೊಸದೇನಲ್ಲ. ಪಂಪು ಕಂಡು ಮುಖ ತಿರುಗಿಸಿದ್ದ ಓಣಿಯವರೇ ಜೇನಿನ ಬಟ್ಟಲು ಕಂಡು ‘ಛಲೋ ಔಷಧ’ ಎಂದರು! ಒಂದು ಕಷ್ಟ ಬಂದದ್ದು 2021ರಲ್ಲಿ. ಕೋವಿಡ್‌ನ ಎರಡನೆಯ ಅಲೆಯಲ್ಲಿ ಸೇದುವ ಬುಡೆಸೊನೈಡನ್ನು ಸೌಮ್ಯ ರೋಗಿಗಳಿಗೂ ಕೊಡಬಹುದೆಂದು ಸರಕಾರದ ಸೂಚನೆ ಬಂದಿತ್ತು. ಗದುಗಿನಲ್ಲಿ ಇವನ ಔಷಧಕ್ಕಾಗಿ ನಾನು ನಾಲ್ಕಾರು ಅಂಗಡಿ ಅಲೆಯಬೇಕಾಯಿತು.

ಇನ್ನು ಹಾಲಿನ ಮಾತು. 1995ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಇಂಥ 10 ಮಕ್ಕಳಿಗೆ ಎಲ್ಲ ಆಹಾರವನ್ನೂ ನಿಲ್ಲಿಸಿ, ಸಸಾರಜನಕಗಳನ್ನು ಅಮೈನೋ ಆಮ್ಲಗಳ ಮಟ್ಟಕ್ಕೆ ಒಡೆದ ಪಾನೀಯವನ್ನಷ್ಟೇ ಕೊಟ್ಟರು. ಎಂಟು ಮಕ್ಕಳು ಪೂರ್ಣ ಗುಣವಾದರು, ಇಬ್ಬರು ಸುಧಾರಿಸಿದರು. ಕಾರಣ ಆಹಾರವೆಂಬುದು ಅಂದಿಗೆ ಸ್ಪಷ್ಟವಾಯಿತು. ಆದರೆ ಬರಿಯ ಪಾನೀಯದ ಮೇಲೆ ಎಷ್ಟು ದಿನ ಬದುಕುವುದು? 2006ರಲ್ಲಿ ಶಿಕಾಗೋದ ವೈದ್ಯರು ಆರೇ ಪದಾರ್ಥಗಳನ್ನು ಬಿಡಿಸಿ ನೋಡಿದರು: ಹಾಲು, ಗೋಧಿ, ಮೊಟ್ಟೆ, ಸೋಯಾ, ಶೇಂಗಾ ಮತ್ತು ಗೋಡಂಬಿ ಜಾತಿಯ ಕಾಳುಗಳು, ಮೀನು ಮತ್ತು ಸಿಗಡಿ. ಬಹುಪಾಲು ಮಕ್ಕಳಿಗೆ ಗುಣ ಕಂಡಿತು.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಾನು ತಂಗಿಯ ಅಡಿಗೆಮನೆಯಲ್ಲಿ ಕುಳಿತದ್ದು 2019ರಲ್ಲಿ. ಮೊಟ್ಟೆ, ಮೀನು ಆ ಮನೆಗೆ ಬಂದದ್ದೇ ಇಲ್ಲ. ಸೋಯಾ ಬೇಕರಿಯ ಬಿಸ್ಕತ್ತಿನಲ್ಲಿ ಇದ್ದರೆ ಉಂಟು. ಗೋಧಿ ಹಬ್ಬದ ಹೋಳಿಗೆಗೆ, ಹುಗ್ಗಿಗೆ, ನೆಂಟರು ಬಂದಾಗಿನ ಚಪಾತಿಗೆ. ನಿತ್ಯದ ಅನ್ನವೆಂದರೆ ಜೋಳ, ಅದು ಪಟ್ಟಿಯಲ್ಲಿಯೇ ಇಲ್ಲ. ರೊಟ್ಟಿಯ ಸೀಮೆಯಲ್ಲಿ ಹುಟ್ಟಿದ್ದು ಈ ಮಟ್ಟಿಗೆ ಭಾಗ್ಯವೆಂದುಕೊಂಡೆ. ಬ್ರೆಡ್ಡಿನ ದೇಶದವನಿಗೆ ಗೋಧಿ ಬಿಡುವುದೆಂದರೆ ಊಟವನ್ನೇ ಬಿಟ್ಟಂತೆ. ಉಳಿದದ್ದು ಎರಡು, ಶೇಂಗಾ ಮತ್ತು ಹಾಲು. ಈ ವ್ಯಾಧಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗುವುದು ಹಾಲು. ಮೊದಲು ಅದೊಂದನ್ನೇ ಬಿಡಿಸಿ ನೋಡೋಣವೆಂದು ಹುಬ್ಬಳ್ಳಿಯ ತಜ್ಞರು ಹೇಳಿದ್ದರು.

ತಂಗಿ ಮಾತಾಡಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ‘ಅಂದ್ರ ನಾನs ಕೈಯಾರ ಹಾಕೀನೇನಣ್ಣಾ?’ ಎಂದಳು. ಹದಿನೈದು ವರ್ಷದ ಹಾಲುರೊಟ್ಟಿ ಅವಳ ಕಣ್ಣಮುಂದೆ ನಿಂತಿತ್ತು. ‘ನೀ ಹಾಲು ಹಾಕೀದಿ, ನಾ ಡಾಕ್ಟರಾಗಿ ಅದನ್ನ ಕೇಳಲಿಲ್ಲ’ ಎಂದೆ. ಇದಕ್ಕಿಂತ ಹೆಚ್ಚಿಗೆ ಹೇಳಲು ನನ್ನಿಂದಾಗಲಿಲ್ಲ.

ಹಾಲು ಬಿಡುವುದೆಂದರೆ ಹಾಲೊಂದೇ ಅಲ್ಲ. ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಪೇಡೆ, ಪೂಜೆಯ ಪಂಚಾಮೃತ. ಎಲ್ಲಕ್ಕಿಂತ ಕಷ್ಟವಾದದ್ದು ಚಹಾ. ನಮ್ಮ ಕಡೆ ಮನೆಗೆ ಬಂದವನು ಚಹಾ ಒಲ್ಲೆನೆಂದರೆ ಮನಸ್ತಾಪವೆಂದೇ ಅರ್ಥ. ಎಮ್ಮೆಯ ಹಾಲು ಆಕಳ ಹಾಲು ಎಂಬ ಭೇದವೂ ಇಲ್ಲಿ ನಡೆಯದು. ಎಂಟು ವಾರ ಔಷಧವನ್ನೂ ನಿಲ್ಲಿಸಿ, ಬರಿಯ ಪಥ್ಯದ ಮೇಲೆ ಇದ್ದು, ಮತ್ತೆ ಚೂರು ತೆಗೆಸಿದ. ಕಣಗಳ ಸಂಖ್ಯೆ ಗಣನೀಯವಾಗಿ ಇಳಿದಿತ್ತು. ಆದರೆ 15ರ ಕೆಳಗೆ ಹೋಗಿರಲಿಲ್ಲ. ಪಥ್ಯವನ್ನು ಉಳಿಸಿಕೊಂಡು ಔಷಧವನ್ನು ಅರ್ಧ ಪ್ರಮಾಣಕ್ಕೆ ಮತ್ತೆ ಸೇರಿಸಿದ ಮೇಲೆ ಕೆಳಗಿಳಿಯಿತು. ಅಂದಿನಿಂದ ಇಂದಿನವರೆಗೆ ಅದೇ ಕ್ರಮ. 2023ರಲ್ಲಿ ಅಮೆರಿಕದಿಂದ ಒಂದು ಪರೀಕ್ಷೆಯ ಫಲ ಬಂತು. 129 ಜನ ವಯಸ್ಕರಲ್ಲಿ ಕೆಲವರಿಗೆ ಹಾಲೊಂದನ್ನೇ ಬಿಡಿಸಿದರು, ಕೆಲವರಿಗೆ ಆರನ್ನೂ ಬಿಡಿಸಿದರು. ಆರು ವಾರದ ಮೇಲೆ ಹಾಲು ಬಿಟ್ಟವರಲ್ಲಿ ನೂರಕ್ಕೆ 34, ಆರು ಬಿಟ್ಟವರಲ್ಲಿ ನೂರಕ್ಕೆ 40 ಗುಣ; ವ್ಯತ್ಯಾಸವಿಲ್ಲವೆಂದೇ ಲೆಕ್ಕ. ಮೊದಲಿಗೇ ಆರನ್ನೂ ಬಿಡಿಸಿ ಮನುಷ್ಯನನ್ನು ಹಸಿವಿನಿಂದ ಕಂಗೆಡಿಸುವ ಅಗತ್ಯವಿಲ್ಲವೆಂದಾಯಿತು. ಯಾರೂ ಇದನ್ನು ಕೇಳಿ ಸ್ವಂತ ಬುದ್ಧಿಯಿಂದ ಮಕ್ಕಳ ಹಾಲು ನಿಲ್ಲಿಸಬೇಡಿ. ಚೂರು ಪರೀಕ್ಷೆಯಿಲ್ಲದ ಪಥ್ಯ ಕುರುಡು ಪಥ್ಯ.

ಹೊಸ ಚಿಕಿತ್ಸೆಯೂ ಬಂದಿದೆ. ಈ ಉರಿಯೂತದ ಸಂದೇಶಗಳನ್ನೇ ಕತ್ತರಿಸುವ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದಿಗೆ 2022ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬೇರೆ ಔಷಧಗಳಿಗೆ ಬಗ್ಗದ ಅನೇಕರಿಗೆ ಗುಣವಿದೆ. ಬೆಲೆ ನಮ್ಮ ಒಕ್ಕಲುಮನೆಗೆ ನಿಲುಕುವಂಥದಲ್ಲ.

ತುತ್ತು ಸಿಕ್ಕಿಕೊಳ್ಳುವುದೆಲ್ಲ ಇದೇ ವ್ಯಾಧಿಯಲ್ಲವೆಂಬುದನ್ನೂ ಹೇಳಬೇಕು. ರಕ್ತಹೀನತೆಯುಳ್ಳ ಹೆಂಗಸರಿಗೆ ಗಂಟಲ ಬುಡದಲ್ಲಿ ತೆಳುವಾದ ಪೊರೆ ಬೆಳೆದು ತಡೆಯಾಗುವುದುಂಟು. ಕಬ್ಬಿಣದ ಗುಳಿಗೆ ಅದಕ್ಕೆ ಮುಖ್ಯ ಮದ್ದು. ನಡುವಯಸ್ಸು ದಾಟಿದವರಿಗೆ, ತಂಬಾಕು ಗುಟಕಾದ ಚಟವಿದ್ದವರಿಗೆ, ಕೆಲವೇ ತಿಂಗಳಲ್ಲಿ ಮೊದಲು ರೊಟ್ಟಿ, ಆಮೇಲೆ ಅನ್ನ, ಆಮೇಲೆ ಗಂಜಿಯೂ ನಿಲ್ಲತೊಡಗಿ ಮೈ ಇಳಿದರೆ ಅದು ಅರ್ಬುದವಿರಬಹುದು. ಒಂದು ವಾರವೂ ತಡಮಾಡಬಾರದು. ನಾನು ಹೇಳಿದ ವ್ಯಾಧಿ ಅರ್ಬುದಕ್ಕೆ ತಿರುಗುವಂಥದಲ್ಲ. ಅದು ಆಯುಷ್ಯವನ್ನು ಕಸಿಯುವುದಿಲ್ಲ, ಊಟವನ್ನು ಕಸಿಯುತ್ತದೆ.

ಅಳಿಯನಿಗೆ ಈಗ ನಾಲ್ವತ್ತು. ಹೋದ ಸೀಗೀ ಹುಣ್ಣಿಮೆಗೆ ಅದೇ ಹೊಲದಲ್ಲಿ ಅವನ ಪಕ್ಕದಲ್ಲಿ ಉಂಡೆ. ಸಜ್ಜಿರೊಟ್ಟಿಯನ್ನು ಎಣ್ಣೆಗಾಯಿಯ ರಸದಲ್ಲಿ ಒತ್ತಿ ತಿಂದ. ನನಗಿಂತ ಮುಂಚೆ ಎದ್ದು ಕೈ ತೊಳೆದ. ಮೊಸರನ್ನದ ಬುಟ್ಟಿ ಅವನ ಮುಂದೆ ಬಂದಾಗ ಅವನ ಹೆಂಡತಿ ಮಾತಿಲ್ಲದೆ ಅದನ್ನು ಮುಂದಿನವರಿಗೆ ಸರಿಸಿದಳು.

ಅವನ ಮಗಳು ಮೂರನೆಯ ಇಯತ್ತೆಯಲ್ಲಿದ್ದಾಳೆ. ಈ ವ್ಯಾಧಿ ಕೆಲವು ಮನೆಗಳಲ್ಲಿ ರಕ್ತಸಂಬಂಧಿಗಳಿಗೂ ಬರುವುದುಂಟು. ಎಲ್ಲ ಮಕ್ಕಳಿಗೂ ಬರುತ್ತದೆಂದಲ್ಲ, ಬರದಿರುವವರೇ ಬಹಳ. ಕಳೆದ ವಾರ ಅವನು ನನ್ನ ಮನೆಗೆ ಬಂದು, ಮಗಳು ಊಟಕ್ಕೆ ಕೂತಾಗ ತಂಬಿಗೆಯನ್ನು ಹತ್ತಿರ ಎಳೆದುಕೊಳ್ಳುತ್ತಾಳೆ, ತುತ್ತಿಗೊಮ್ಮೆ ನೀರು ಕುಡಿಯುತ್ತಾಳೆ ಎಂದ. ಹುಡುಗರ ಆಟವಿರಬಹುದು, ಅಪ್ಪನನ್ನು ನೋಡಿ ಕಲಿತದ್ದಿರಬಹುದು ಎಂದೆ. ‘ಇರಬಹುದು. ಆದರ ನಾ ಈಗ ನೀರು ಕುಡಿಯೂದs ಇಲ್ಲಲ್ಲ ಮಾಮಾ’ ಎಂದ. ಸೋಮವಾರ ಬೆಳಗಿನ ಬಸ್ಸಿಗೆ ಮೂವರೂ ಹುಬ್ಬಳ್ಳಿಗೆ ಹೊರಟಿದ್ದೇವೆ.